ತರಗತಿ ಪ್ರತಿನಿಧಿ (ಸಿ.ಆರ್.) ಆದ ಮೇಲೆ ಏನು ಮಾಡಬೇಕು? ದಾವಣಗೆರೆ ವಿ.ವಿ. ವ್ಯಾಪ್ತಿಯ ಪದವಿ ವಿದ್ಯಾರ್ಥಿಗಳಿಗೆ ಮಾರ್ಗದರ್ಶಿ

ದಾವಣಗೆರೆ, ಚಿತ್ರದುರ್ಗದ ಯಾವ ಪದವಿ ಕಾಲೇಜಿಗೆ ಸೇರಿದರೂ ವರ್ಷದ ಶುರುವಿನಲ್ಲಿ ಒಂದು ಸಮಾರಂಭ ನಡೆಯುತ್ತದೆ: ಸಾಂಸ್ಕೃತಿಕ, ಕ್ರೀಡೆ, ಎನ್‌ಎಸ್‌ಎಸ್, ಎನ್‌ಸಿಸಿ, ಯುವ ರೆಡ್‌ಕ್ರಾಸ್, ರೋವರ್ಸ್ ಮತ್ತು ರೇಂಜರ್ಸ್ ಘಟಕಗಳ ಉದ್ಘಾಟನೆ. ವೇದಿಕೆಯ ಒಂದು ತುದಿಯಲ್ಲಿ ವಿದ್ಯಾರ್ಥಿ ಸಂಘದ ಪದಾಧಿಕಾರಿಗಳು ಕುಳಿತಿರುತ್ತಾರೆ. ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಆಮೇಲೆ ಆ ಪದಾಧಿಕಾರಿಗಳ ಕೆಲಸವೇನು, ಅಧಿಕಾರವೇನು, ಯಾವ ಸಭೆಗೆ ಅವರನ್ನು ಕರೆಯಬೇಕು ಎಂಬುದನ್ನು ಅವರಿಗೇ ಯಾರೂ ಹೇಳಿಕೊಟ್ಟಿರುವುದಿಲ್ಲ.

ಈ ಲೇಖನ ಅವರಿಗಾಗಿ. ಮುಂದಿನ ವರ್ಷ ಆ ಜಾಗಕ್ಕೆ ಬರಬೇಕು ಅಂದುಕೊಂಡವರಿಗೂ, ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು 'ನಮ್ಮ ಮಾತು ಯಾರು ಕೇಳ್ತಾರೆ' ಎನ್ನುವವರಿಗೂ ಹೌದು. ವಿದ್ಯಾರ್ಥಿಗಳ ಮಾತಿಗೆ ನಿಯಮಗಳಲ್ಲಿ ಜಾಗ ಇದೆ, ನಾವು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇದೆ. ಅದು ಯಾವ ಕಾಗದದಲ್ಲಿದೆ ಎಂದು ಗೊತ್ತಿರಬೇಕು, ಮಾತನ್ನು ಬರಹದಲ್ಲಿ ಕೊಡುವ ಅಭ್ಯಾಸವೂ ಬೇಕು.

ಮೊದಲು: ಯಾರ ಕೈಯಲ್ಲಿ ಏನಿದೆ

ದಾವಣಗೆರೆ ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಅದಕ್ಕೆ ಮುಂಚೆ ಇಲ್ಲಿದ್ದದ್ದು ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ತೋಳಹುಣಸೆಯ ಶಿವಗಂಗೋತ್ರಿ ಮುಖ್ಯ ಆವರಣ, ಚಿತ್ರದುರ್ಗದ ಜಿ.ಆರ್. ಹಳ್ಳಿಯಲ್ಲಿ ಜ್ಞಾನಗಂಗೋತ್ರಿ ಸ್ನಾತಕೋತ್ತರ ಕೇಂದ್ರ. ಪದವಿ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈ ಎರಡೂ ಆವರಣದಲ್ಲಿ ಓದುವುದಿಲ್ಲ. ದೃಶ್ಯಕಲಾ ಮಹಾವಿದ್ಯಾಲಯದಂಥ ವಿ.ವಿ.ಯ ಸ್ವಂತ ಕಾಲೇಜನ್ನು ಬಿಟ್ಟರೆ, ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವವರು ಎರಡೂ ಜಿಲ್ಲೆಗಳ ಸಂಯೋಜಿತ ಕಾಲೇಜುಗಳಲ್ಲಿ ಹರಡಿಕೊಂಡಿದ್ದಾರೆ. ಹಾಗಾಗಿ 'ವಿಶ್ವವಿದ್ಯಾಲಯದ ವಿದ್ಯಾರ್ಥಿ ಸರ್ಕಾರ' ಎಂಬ ಒಂದೇ ಸಂಸ್ಥೆಯನ್ನು ಹುಡುಕಬೇಡಿ. ನಿಮ್ಮ ಪಾಲಿಗೆ ಅದು ನಿಮ್ಮ ಕಾಲೇಜಿನಲ್ಲೇ ಇರುವ ವಿದ್ಯಾರ್ಥಿ ಸಂಘ. ಕೆಲವೆಡೆ ಅದನ್ನು ವಿದ್ಯಾರ್ಥಿ ಕ್ಷೇಮಪಾಲನಾ ಸಂಘ ಎನ್ನುತ್ತಾರೆ.

ಒಂದು ಅಹವಾಲು ಕೈಗೆ ಬಂದಾಗ ಮೊದಲ ಪ್ರಶ್ನೆ: ಇದನ್ನು ಸರಿಪಡಿಸುವ ಅಧಿಕಾರ ಯಾರದ್ದು? ಶೌಚಾಲಯ, ಕುಡಿಯುವ ನೀರು, ವೇಳಾಪಟ್ಟಿ, ಗ್ರಂಥಾಲಯದ ಸಮಯ, ಹಾಜರಾತಿ ಲೆಕ್ಕ ಇವೆಲ್ಲ ಪ್ರಾಂಶುಪಾಲರ ಕೈಯಲ್ಲಿವೆ. ಸರ್ಕಾರಿ ಕಾಲೇಜಾದರೆ ಅವರ ಜೊತೆ ಸ್ಥಳೀಯ ಶಾಸಕರ ಅಧ್ಯಕ್ಷತೆಯ ಕಾಲೇಜು ಅಭಿವೃದ್ಧಿ ಸಮಿತಿ ಇರುತ್ತದೆ. ಎಲ್ಲರೂ ಸಿಡಿಸಿ ಎನ್ನುವುದು ಇದನ್ನೇ. ಪಠ್ಯಕ್ರಮ, ಪರೀಕ್ಷಾ ದಿನಾಂಕ, ಫಲಿತಾಂಶ, ಮರುಮೌಲ್ಯಮಾಪನ ವಿ.ವಿ.ಯ ಕೆಲಸ, ಪರೀಕ್ಷೆಗೆ ಸಂಬಂಧಿಸಿದ್ದು ಮೌಲ್ಯಮಾಪನ ಕುಲಸಚಿವರಿಗೆ, ಉಳಿದ ಆಡಳಿತ ಕುಲಸಚಿವರಿಗೆ. ಉಪನ್ಯಾಸಕರ ಹುದ್ದೆ, ಅತಿಥಿ ಉಪನ್ಯಾಸಕರ ನೇಮಕ ಕಾಲೇಜು ಶಿಕ್ಷಣ ಇಲಾಖೆಯದು. ವಿದ್ಯಾರ್ಥಿವೇತನ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ (ಎಸ್‌ಎಸ್‌ಪಿ) ಮೂಲಕ ಆಯಾ ಕಲ್ಯಾಣ ಇಲಾಖೆಗಳಿಂದ ಬರುತ್ತದೆ. ಬಸ್ಸು ಕೆಎಸ್‌ಆರ್‌ಟಿಸಿ ವಿಭಾಗೀಯ ಕಚೇರಿಯದು.

ಇಷ್ಟು ತಿಳಿಯದೆ ಬಸ್ಸಿನ ವಿಷಯಕ್ಕೆ ಪ್ರಾಂಶುಪಾಲರ ಕೊಠಡಿ ಮುಂದೆ ಕೂತರೆ ದಿನ ಹಾಳು. ಫಲಿತಾಂಶ ತಡವಾದದ್ದಕ್ಕೆ ತರಗತಿಯ ಮೇಷ್ಟ್ರ ಮೇಲೆ ರೇಗಿದರೆ ಇರುವ ಒಬ್ಬ ಹಿತೈಷಿಯನ್ನೂ ಕಳೆದುಕೊಳ್ಳುತ್ತೀರಿ.

ಆಯ್ಕೆ ಹೇಗೆ ಆಗುತ್ತದೆ

ಕರ್ನಾಟಕದಲ್ಲಿ 1980ರ ದಶಕದ ಕೊನೆಯಿಂದ ಈಚೆಗೆ ಕಾಲೇಜುಗಳಲ್ಲಿ ನೇರ ಚುನಾವಣೆ ನಿಂತಿದೆ. ಕ್ಯಾಂಪಸ್ ಗಲಾಟೆಗಳು ಅದಕ್ಕೆ ಕೊಟ್ಟ ಕಾರಣ. ಮತ್ತೆ ತರಬೇಕೆಂಬ ಮಾತು ಆಗಾಗ ಏಳುತ್ತದೆ. ಚುನಾವಣೆ ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಹದಿನೆಂಟಕ್ಕೆ ವಿಧಾನಸಭೆಗೆ ಮತ ಹಾಕುವ ಹುಡುಗ, ಹುಡುಗಿಗೆ ತನ್ನ ತರಗತಿಯ ಪ್ರತಿನಿಧಿಯನ್ನು ಆರಿಸುವ ತಿಳಿವಳಿಕೆ ಇಲ್ಲವೆಂದು ಹೇಳುವುದು ನ್ಯಾಯವಲ್ಲ.

ಸದ್ಯದ ರೂಢಿ ಕಾಲೇಜಿನಿಂದ ಕಾಲೇಜಿಗೆ ಬೇರೆ. ಹೆಚ್ಚಾಗಿ ಕಾಣುವುದು ಮೂರು ಬಗೆ. ಹಿಂದಿನ ಸೆಮಿಸ್ಟರ್‌ನಲ್ಲಿ ಹೆಚ್ಚು ಅಂಕ ಬಂದವರನ್ನು ಸಿ.ಆರ್. ಮಾಡುವುದು ಒಂದು, ತರಗತಿಯಲ್ಲಿ ಕೈ ಎತ್ತಿಸಿ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಆರಿಸುವುದು ಇನ್ನೊಂದು, ಸಂಘವನ್ನು ನೋಡಿಕೊಳ್ಳುವ ಅಧ್ಯಾಪಕರಾದ ಕ್ಷೇಮಪಾಲನಾಧಿಕಾರಿಯೇ ಹೆಸರು ಬರೆದುಕೊಳ್ಳುವುದು ಮೂರನೆಯದು. ಆಮೇಲೆ ಸಿ.ಆರ್.ಗಳೆಲ್ಲ ಸೇರಿ ಪ್ರಧಾನ ಕಾರ್ಯದರ್ಶಿಯನ್ನೋ ಅಧ್ಯಕ್ಷರನ್ನೋ ಆರಿಸುತ್ತಾರೆ. ಅಂತಿಮ ವರ್ಷದವರಿಗೇ ಈ ಹುದ್ದೆ ಹೋಗುವುದು ವಾಡಿಕೆ.

ನಿಮ್ಮ ಕಾಲೇಜಿನಲ್ಲಿ ಮೂರನೆಯ ಬಗೆ ಇದ್ದರೆ ಎರಡನೆಯದಕ್ಕೆ ಬದಲಾಯಿಸಿ ಎಂದು ತರಗತಿಯ ಸಹಿ ಹಾಕಿಸಿ ಕೇಳಿ. ಹೊಸ ಕಾನೂನು ಬೇಡ, ಪ್ರಾಂಶುಪಾಲರ ಒಂದು ಸೂಚನೆ ಸಾಕು. ಕೈ ಎತ್ತಿಸುವುದಕ್ಕಿಂತ ಚೀಟಿ ವಾಸಿ. ಕೈ ಎತ್ತುವಾಗ ಜಾತಿ, ಊರು, ಹಾಸ್ಟೆಲ್ ಗುಂಪಿನ ಕಣ್ಣು ಎಲ್ಲರ ಮೇಲಿರುತ್ತದೆ.

ಚುನಾವಣೆ ಬಂದರೆ ಗೊತ್ತಿರಬೇಕಾದ್ದು

ದೇಶದ ವಿದ್ಯಾರ್ಥಿ ಚುನಾವಣೆಗಳಿಗೆಲ್ಲ ಚೌಕಟ್ಟು ಲಿಂಗ್ಡೊ ಸಮಿತಿಯ ಶಿಫಾರಸು. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ನೇತೃತ್ವದ ಈ ಸಮಿತಿ 2006ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಅದನ್ನು ಜಾರಿ ಮಾಡಲು ಆದೇಶಿಸಿತು. ವರದಿ ಪ್ರಕಾರ ದೊಡ್ಡ ವಿ.ವಿ.ಗಳಲ್ಲಿ ತರಗತಿ ಪ್ರತಿನಿಧಿಗಳ ಮೂಲಕ ಪರೋಕ್ಷ ಚುನಾವಣೆ ನಡೆಸಬಹುದು, ವಾತಾವರಣ ಸರಿಯಿಲ್ಲದ ಕಡೆ ನಾಮನಿರ್ದೇಶನವೂ ಆಗಬಹುದು. ಆದರೆ ನಾಮನಿರ್ದೇಶನವನ್ನು ಅದು ಶಾಶ್ವತ ಪದ್ಧತಿಯಾಗಿ ಒಪ್ಪಿಲ್ಲ, ಕ್ರಮೇಣ ಚುನಾವಣೆಗೆ ಬರಬೇಕೆಂದೇ ಅದರ ಆಶಯ.

ಅಭ್ಯರ್ಥಿಯ ಅರ್ಹತೆ ಹೀಗಿದೆ. ಪದವಿ ವಿದ್ಯಾರ್ಥಿಯ ವಯಸ್ಸು 17ರಿಂದ 22ರೊಳಗೆ. ಹಾಜರಾತಿ ಶೇ. 75 ಅಥವಾ ವಿ.ವಿ. ಹೇಳಿದ್ದು, ಯಾವುದು ಹೆಚ್ಚೋ ಅದು. ಸ್ಪರ್ಧಿಸುವ ವರ್ಷ ಯಾವ ವಿಷಯವೂ ಬಾಕಿ ಇರಬಾರದು. ಕ್ರಿಮಿನಲ್ ಹಿನ್ನೆಲೆ ಇರಬಾರದು. ದೂರಶಿಕ್ಷಣದವರು ನಿಲ್ಲುವಂತಿಲ್ಲ. ಪದಾಧಿಕಾರಿ ಹುದ್ದೆಗೆ ಒಂದೇ ಸಲ, ಕಾರ್ಯಕಾರಿ ಸಮಿತಿ ಸದಸ್ಯತ್ವಕ್ಕೆ ಎರಡು ಸಲ ಅವಕಾಶ.

ಖರ್ಚಿನ ಮಿತಿ ಒಬ್ಬರಿಗೆ 5,000 ರೂಪಾಯಿ. ಫಲಿತಾಂಶ ಬಂದ ಎರಡು ವಾರದೊಳಗೆ ಲೆಕ್ಕ ಕೊಡಬೇಕು. ಮಿತಿ ಮೀರಿದರೆ ಗೆಲುವು ರದ್ದು. ಪಕ್ಷಗಳ ಹಣ ಮುಟ್ಟುವಂತಿಲ್ಲ. ಮುದ್ರಿಸಿದ ಪೋಸ್ಟರ್ ಇಲ್ಲ, ಕೈಯಿಂದ ಬರೆದದ್ದು ಮಾತ್ರ, ಅದೂ ಗೊತ್ತುಪಡಿಸಿದ ಜಾಗದಲ್ಲಿ. ಧ್ವನಿವರ್ಧಕ, ವಾಹನ ಮೆರವಣಿಗೆ ಇಲ್ಲ. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲ 10 ದಿನದೊಳಗೆ ಮುಗಿಯಬೇಕು. ಶೈಕ್ಷಣಿಕ ವರ್ಷ ಶುರುವಾದ ಆರರಿಂದ ಎಂಟು ವಾರದೊಳಗೆ ಚುನಾವಣೆ ಆಗಬೇಕು.

ಫ್ಲೆಕ್ಸ್ ಇಲ್ಲದೆ ಚುನಾವಣೆಯೇ ಇಲ್ಲ ಎಂದುಕೊಂಡ ಊರಿನವರು ನಾವು. ಕೈಬರಹದ ಪೋಸ್ಟರ್‌ನ ನಿಯಮ ಬಡ ಮನೆಯ ಮಕ್ಕಳ ಪಾಲಿನ ದೊಡ್ಡ ರಕ್ಷಣೆ. ತರಗತಿಯ ಚೀಟಿ ಆಯ್ಕೆಯಲ್ಲೂ ಅದನ್ನು ಈಗಲೇ ರೂಢಿ ಮಾಡಿಕೊಳ್ಳಬಹುದು.

ಆಯ್ಕೆಯಾದ ಮೊದಲ ವಾರ

ಎರಡು ಕೆಲಸ. ಮೊದಲನೆಯದು, ದಪ್ಪ ಉದ್ದನೆಯ ನೋಟ್‌ಬುಕ್ ತನ್ನಿ, ಪುಟಗಳಿಗೆ ಸಂಖ್ಯೆ ಹಾಕಿ. ಇದು ನಿಮ್ಮ ನಡಾವಳಿ ಪುಸ್ತಕ. ಸಿ.ಆರ್.ಗಳು ಸೇರಿದಾಗಲೆಲ್ಲ ದಿನಾಂಕ, ಬಂದವರ ಸಹಿ, ಚರ್ಚೆಯಾದ ವಿಷಯ, ಯಾರು ಯಾವ ದಿನದೊಳಗೆ ಏನು ಮಾಡಬೇಕು ಎಂಬುದು ಅದರಲ್ಲಿ ಬರಲಿ. ಸಭೆಗೆ ಸಂಘದ ಸಂಚಾಲಕ ಅಧ್ಯಾಪಕರನ್ನು ಕರೆದು ಅವರ ಸಹಿಯನ್ನೂ ಹಾಕಿಸಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ನೂರು ಮೆಸೇಜು ಬರುತ್ತವೆ, ಆರು ತಿಂಗಳಾದ ಮೇಲೆ ಅವನ್ನು ಯಾರಿಗೆ ತೋರಿಸುತ್ತೀರಿ? ಸಹಿ ಇರುವ ಪುಟವನ್ನು ಯಾವ ಕಚೇರಿಯೂ ತಳ್ಳಿಹಾಕುವುದು ಕಷ್ಟ.

ಎರಡನೆಯದು, ನಿಮ್ಮ ಕಾಲೇಜಿನ ವೆಬ್‌ಸೈಟ್ ತೆರೆಯಿರಿ. ನ್ಯಾಕ್ (ಕಾಲೇಜುಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ) ಅಥವಾ ಐಕ್ಯೂಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶ) ಎಂಬ ವಿಭಾಗ ಇರುತ್ತದೆ. ನ್ಯಾಕ್ ಮಾನ್ಯತೆ ಪಡೆದ ಕಾಲೇಜುಗಳು ಪ್ರತಿ ವರ್ಷ ಗುಣಮಟ್ಟದ ವಾರ್ಷಿಕ ವರದಿ ಕೊಡಬೇಕು. ಎಕ್ಯೂಎಆರ್ ಎಂದರೆ ಅದೇ. ಅದರ ಐದನೆಯ ಮಾನದಂಡ ವಿದ್ಯಾರ್ಥಿಗಳ ಬಗ್ಗೆ. ವಿದ್ಯಾರ್ಥಿ ಪರಿಷತ್ತು ಹೇಗೆ ಕೆಲಸ ಮಾಡುತ್ತದೆ, ಯಾವ ಯಾವ ಶೈಕ್ಷಣಿಕ, ಆಡಳಿತ ಸಮಿತಿಗಳಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳಿದ್ದಾರೆ ಎಂಬುದನ್ನು ಕಾಲೇಜು ಅಲ್ಲಿ ಬರೆದಿರುತ್ತದೆ. ಮುದ್ರಿಸಿ ತೆಗೆದುಕೊಳ್ಳಿ. 'ಗ್ರಂಥಾಲಯ ಸಮಿತಿಯಲ್ಲಿ ವಿದ್ಯಾರ್ಥಿ ಸದಸ್ಯರಿದ್ದಾರೆ' ಎಂದು ಅಲ್ಲಿದ್ದರೆ, 'ಸರ್, ಈ ವರ್ಷ ಆ ಸದಸ್ಯರು ಯಾರು? ಸಭೆ ಯಾವಾಗ?' ಎಂದು ವಿನಯದಿಂದ ಕೇಳಿ. ಕಾಲೇಜೇ ಒಪ್ಪಿ ಬರೆದ ಮಾತು ಅದು. ನನಗೆ ಗೊತ್ತಿರುವ ದಾರಿಗಳಲ್ಲಿ ಜಗಳವಿಲ್ಲದೆ ಬಾಗಿಲು ತೆರೆಸುವುದು ಇದೇ.

ನಿಯಮವೇ ಕೊಟ್ಟಿರುವ ಕುರ್ಚಿಗಳು

ವಿದ್ಯಾರ್ಥಿಗಳಿಗೆ ಜಾಗ ಇರುವ ಸಮಿತಿಗಳಲ್ಲಿ ಇವು ಮುಖ್ಯ.

ಐಕ್ಯೂಎಸಿ. ಇದರಲ್ಲಿ ವಿದ್ಯಾರ್ಥಿ ಪ್ರತಿನಿಧಿ, ಹಳೆಯ ವಿದ್ಯಾರ್ಥಿ ಪ್ರತಿನಿಧಿ ಇರಬೇಕು. ಪ್ರಯೋಗಾಲಯದ ಸಾಮಗ್ರಿಯಿಂದ ಹಿಡಿದು ಪಾಠದ ಗುಣಮಟ್ಟದವರೆಗೆ ಇಲ್ಲಿ ಮಾತನಾಡಬಹುದು.

ರ‍್ಯಾಗಿಂಗ್ ತಡೆ ಸಮಿತಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮದಂತೆ ಇದರಲ್ಲಿ ಹೊಸದಾಗಿ ಸೇರಿದವರ ಮತ್ತು ಹಿರಿಯ ವಿದ್ಯಾರ್ಥಿಗಳ ಪ್ರತಿನಿಧಿಗಳಿರಬೇಕು. ರಾಷ್ಟ್ರೀಯ ಸಹಾಯವಾಣಿ 1800-180-5522. ಈ ಸಂಖ್ಯೆ ಹಾಸ್ಟೆಲ್ ಗೋಡೆಯ ಮೇಲೆ ಇದೆಯೇ ನೋಡಿ. ಇಲ್ಲದಿದ್ದರೆ ಇವತ್ತೇ ಬರೆಸಿ.

ಆಂತರಿಕ ದೂರು ಸಮಿತಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಲೈಂಗಿಕ ಕಿರುಕುಳ ತಡೆಯಲು ಯುಜಿಸಿ 2015ರಲ್ಲಿ ತಂದ ನಿಯಮದ ಪ್ರಕಾರ, ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಪ್ರಕರಣವಾದರೆ ಸಮಿತಿಯಲ್ಲಿ ಮೂವರು ವಿದ್ಯಾರ್ಥಿಗಳಿರಬೇಕು: ಪದವಿ, ಸ್ನಾತಕೋತ್ತರ, ಸಂಶೋಧನೆ ಹಂತದಿಂದ ಒಬ್ಬೊಬ್ಬರು. ಅವರನ್ನು ಪಾರದರ್ಶಕ ಪ್ರಜಾಸತ್ತಾತ್ಮಕ ವಿಧಾನದಲ್ಲಿ ಚುನಾಯಿಸಬೇಕು ಎಂದು ನಿಯಮ ಹೇಳುತ್ತದೆ. ಚುನಾವಣೆ ನಿಂತುಹೋದ ನಾಡಿನಲ್ಲಿ ನಮಗೆ ಉಳಿದಿರುವ ಒಂದು ಚುನಾಯಿತ ಕುರ್ಚಿ ಇದು. ನಿಮ್ಮಲ್ಲಿ ಇದು ಯಾರಿಗೂ ತಿಳಿಯದಂತೆ ತುಂಬಿಹೋಗಿದೆಯೇ ಎಂದು ವಿಚಾರಿಸಿ. ದೂರು ಕೊಡಲು ಘಟನೆ ನಡೆದ ಮೂರು ತಿಂಗಳ ಅವಕಾಶ ಇದೆ, ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ತರಗತಿಯ ಹುಡುಗಿಯೊಬ್ಬಳು ಇಂಥ ವಿಷಯ ನಿಮ್ಮ ಬಳಿ ಹೇಳಿಕೊಂಡರೆ, ಸಿ.ಆರ್. ಆಗಿ ನಿಮ್ಮ ಕೆಲಸ ಸಮಿತಿಯ ಅಧ್ಯಕ್ಷೆ ಯಾರು, ದೂರು ಎಲ್ಲಿ ಕೊಡಬೇಕು ಎಂದು ತಿಳಿಸಿ, ಅವಳು ಬಯಸಿದರೆ ಜೊತೆಗೆ ಹೋಗುವುದು. ವಿಚಾರಣೆ ನಿಮ್ಮದಲ್ಲ. ಸಂಧಾನ ಮಾಡಿಸಲು ಹೋಗಬೇಡಿ, ಗುಂಪಿನಲ್ಲಿ ಅವಳ ಹೆಸರು ಬರಬಾರದು, ನಿಮ್ಮ ನಡಾವಳಿ ಪುಸ್ತಕದಲ್ಲೂ ಬರಬಾರದು.

ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಯಲ್ಲೂ ಒಬ್ಬ ವಿದ್ಯಾರ್ಥಿಗೆ ವಿಶೇಷ ಆಹ್ವಾನಿತರ ಸ್ಥಾನ ಇದೆ. ಅದರ ವಿಷಯ ಮುಂದೆ ಬರುತ್ತದೆ.

ಒಂದು ಸಮಸ್ಯೆಯನ್ನು ಕೊನೆಯವರೆಗೆ ಒಯ್ಯುವುದು

ಎಲ್ಲ ಕಾಲೇಜಿನಲ್ಲೂ ಕೇಳುವ ಒಂದು ಪ್ರಕರಣ ತೆಗೆದುಕೊಳ್ಳೋಣ. ಫಲಿತಾಂಶ ಬಂದಿದೆ. ವಿ.ವಿ., ಕಾಲೇಜುಗಳ ಆನ್‌ಲೈನ್ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ನೋಡಿದರೆ ಒಂದೇ ತರಗತಿಯ ಹಲವರಿಗೆ ಒಂದು ವಿಷಯದಲ್ಲಿ ಆಂತರಿಕ ಅಂಕ ಸೊನ್ನೆ. ಪರೀಕ್ಷೆ ಬರೆದಿದ್ದಾರೆ, ಅಸೈನ್‌ಮೆಂಟ್ ಕೊಟ್ಟಿದ್ದಾರೆ.

ಆ ದಿನವೇ ಪಟ್ಟಿ ಮಾಡಿ: ನೋಂದಣಿ ಸಂಖ್ಯೆ, ಹೆಸರು, ವಿಷಯದ ಕೋಡ್, ತೋರಿಸುತ್ತಿರುವ ಅಂಕ. ಪ್ರತಿಯೊಬ್ಬರ ಫಲಿತಾಂಶದ ಪುಟ ಮುದ್ರಿಸಿ. ಆಮೇಲೆ ಆ ವಿಷಯದ ಅಧ್ಯಾಪಕರನ್ನು ಕಂಡು, ಕಾಲೇಜಿನ ದಾಖಲೆಯಲ್ಲಿರುವ ಅಂಕ ಏನೆಂದು ಕೇಳಿ. ಎಷ್ಟೋ ಸಲ ಅಂಕ ನಮೂದಿಸುವಾಗ ಬಿಟ್ಟುಹೋಗಿರುತ್ತದೆ, ಯಾರದ್ದೂ ದುರುದ್ದೇಶವಿರುವುದಿಲ್ಲ. ಹಾಗಾಗಿ ಮೊದಲ ಮಾತು ಆರೋಪದ್ದಾಗದಿರಲಿ.

ನಂತರ ಪತ್ರ. ನೇರ ವಿ.ವಿ.ಗೆ ಬರೆಯಬೇಡಿ, ಕಾಲೇಜಿನ ದೃಢೀಕರಣವಿಲ್ಲದೆ ಅಲ್ಲಿ ಕಡತ ಅಲುಗಾಡುವುದಿಲ್ಲ. ಹೀಗೆ ಬರೆಯಬಹುದು:

'ಇವರಿಗೆ: ಕುಲಸಚಿವರು (ಮೌಲ್ಯಮಾಪನ), ದಾವಣಗೆರೆ ವಿಶ್ವವಿದ್ಯಾಲಯ, ಶಿವಗಂಗೋತ್ರಿ, ತೋಳಹುಣಸೆ. ಮುಖಾಂತರ: ಪ್ರಾಂಶುಪಾಲರು. ವಿಷಯ: ಮೂರನೇ ಸೆಮಿಸ್ಟರ್ ಬಿ.ಕಾಂ. ವಿದ್ಯಾರ್ಥಿಗಳ ಆಂತರಿಕ ಅಂಕ ಸರಿಪಡಿಸುವ ಕುರಿತು. ಮಾನ್ಯರೇ, ಲಗತ್ತಿಸಿದ ಪಟ್ಟಿಯಲ್ಲಿರುವ ವಿದ್ಯಾರ್ಥಿಗಳು ಆಂತರಿಕ ಪರೀಕ್ಷೆಗೆ ಹಾಜರಾಗಿದ್ದು, ಅವರ ಅಂಕಗಳು ಕಾಲೇಜಿನ ದಾಖಲೆಯಲ್ಲಿವೆ. ಪೋರ್ಟಲ್‌ನಲ್ಲಿ ಸೊನ್ನೆ ಎಂದು ತೋರಿಸುತ್ತಿದೆ. ಮರುಪರೀಕ್ಷೆಯ ಶುಲ್ಕ ಕಟ್ಟುವ ಕೊನೆಯ ದಿನಕ್ಕೆ ಮುಂಚೆ ಸರಿಪಡಿಸಬೇಕೆಂದು ಕೋರುತ್ತೇವೆ. ಲಗತ್ತು: ವಿದ್ಯಾರ್ಥಿಗಳ ಪಟ್ಟಿ, ಫಲಿತಾಂಶದ ಪ್ರತಿಗಳು, ಕಾಲೇಜಿನ ಅಂಕಪಟ್ಟಿಯ ದೃಢೀಕೃತ ಪ್ರತಿ.'

ಒಂದು ಪತ್ರ, ಒಂದು ವಿಷಯ. ಇದರಲ್ಲೇ ಶೌಚಾಲಯ, ಬಸ್ಸು ಸೇರಿಸಬೇಡಿ. ಎರಡು ಪ್ರತಿ ಒಯ್ದು, ಕಾಲೇಜು ಕಚೇರಿಯ ಇನ್‌ವರ್ಡ್ ನಂಬರ್ (ಸ್ವೀಕೃತಿ ಸಂಖ್ಯೆ), ಸೀಲು, ಸಹಿ ನಿಮ್ಮ ಪ್ರತಿಯ ಮೇಲೆ ಹಾಕಿಸಿಕೊಳ್ಳಿ. ಆ ನಂಬರ್ ಇಲ್ಲದ ಅರ್ಜಿ ಕೊಟ್ಟಿದ್ದೂ ಕೊಡದ್ದೂ ಒಂದೇ. ಕಾಲೇಜು ವಿ.ವಿ.ಗೆ ಕಳಿಸಿದ ದಿನಾಂಕವನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ಚಿತ್ರದುರ್ಗದಿಂದ ದಾವಣಗೆರೆಗೆ ಸುಮಾರು 60 ಕಿ.ಮೀ.; ಮೊಳಕಾಲ್ಮೂರು, ಹಿರಿಯೂರು ಕಡೆಯವರಿಗೆ ಇನ್ನೂ ದೂರ. ಒಂದು ಅಂಕಕ್ಕಾಗಿ ತರಗತಿಯವರೆಲ್ಲ ಒಬ್ಬೊಬ್ಬರೇ ತೋಳಹುಣಸೆಗೆ ಅಲೆದು ಕೂಲಿ, ಪಾಠ ಎರಡನ್ನೂ ಕಳೆದುಕೊಳ್ಳುವ ಬದಲು, ಎಲ್ಲರ ಕಾಗದ ಹೊತ್ತು ಇಬ್ಬರು ಹೋದರೆ ಸಾಕು. ಸಂಘ ಇರುವುದು ಇದಕ್ಕೆ.

ಉತ್ತರ ಬರದಿದ್ದರೆ

ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗೆ ಹೊಸ ನಿಯಮ ತಂದಿದೆ. ಪ್ರಾಧ್ಯಾಪಕರೊಬ್ಬರ ಅಧ್ಯಕ್ಷತೆಯಲ್ಲಿ ಸಮಿತಿ. ಅದರಲ್ಲಿ ಕನಿಷ್ಠ ಒಬ್ಬ ಮಹಿಳೆ, ಕನಿಷ್ಠ ಒಬ್ಬರು ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದವರು ಇರಬೇಕು. ದೂರು ತಲುಪಿದ 15 ಕೆಲಸದ ದಿನದೊಳಗೆ ಸಮಿತಿ ವರದಿ ಕೊಡಬೇಕು. ಫಲಿತಾಂಶ ತಡ, ದಾಖಲಾತಿಯಲ್ಲಿ ಅಕ್ರಮ, ಮೂಲ ಅಂಕಪಟ್ಟಿ ಇಟ್ಟುಕೊಂಡು ಕೊಡದಿರುವುದು, ಶುಲ್ಕ ವಾಪಸಾತಿ, ವಿದ್ಯಾರ್ಥಿವೇತನದ ತೊಡಕು, ಮೂಲ ಸೌಕರ್ಯದ ಕೊರತೆ ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿ.ವಿ.ಯ ಓಂಬುಡ್ಸ್‌ಪರ್ಸನ್‌ಗೆ (ಇಂಥ ಮೇಲ್ಮನವಿ ಕೇಳಲು ನೇಮಿಸಿದವರು) ಮೇಲ್ಮನವಿ. ಅವರು 30 ದಿನದೊಳಗೆ ಇತ್ಯರ್ಥಪಡಿಸಬೇಕು. ಅಂಕ ಕಡಿಮೆ ಬಂತೆಂಬ ಒಂದೇ ಕಾರಣಕ್ಕೆ ಅವರ ಬಳಿ ಹೋಗುವಂತಿಲ್ಲ, ನಿರ್ದಿಷ್ಟ ಲೋಪವನ್ನೋ ತಾರತಮ್ಯವನ್ನೋ ತೋರಿಸಬೇಕು.

ಇಲ್ಲಿ ದೂರು ತೊಂದರೆಯಾದ ವಿದ್ಯಾರ್ಥಿಯ ಹೆಸರಲ್ಲೇ ಹೋಗಲಿ. ಸಿ.ಆರ್. ಬರೆಯಲು ನೆರವಾಗಿ, ಹಿಂದಿನ ಪತ್ರಗಳ ಪ್ರತಿ ಲಗತ್ತಿಸಿ ಕೊಟ್ಟರೆ ಸಾಕು.

ಮಾಹಿತಿ ಬೇಕಾದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ನಡೆಯುತ್ತದೆ. ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಬರಬೇಕು, ಬರದಿದ್ದರೆ ಮೊದಲ ಮೇಲ್ಮನವಿ.

ಹಣದ ಪ್ರಶ್ನೆ

ದಾಖಲಾತಿಯ ದಿನ ಕೊಟ್ಟ ರಸೀದಿಯನ್ನು ಮತ್ತೊಮ್ಮೆ ಓದಿ. ಬೋಧನಾ ಶುಲ್ಕದ ಕೆಳಗೆ ಕ್ರೀಡೆ, ವಾಚನಾಲಯ, ಕಾಲೇಜು ಸಂಚಿಕೆ, ಸಾಂಸ್ಕೃತಿಕ ಚಟುವಟಿಕೆ, ಸಿಡಿಸಿ ಎಂದು ಸಣ್ಣ ಸಣ್ಣ ಮೊತ್ತಗಳಿರುತ್ತವೆ. ಒಬ್ಬರಿಂದ ಸ್ವಲ್ಪವೇ, ಕಾಲೇಜಿನ ಎಲ್ಲರದ್ದೂ ಸೇರಿದರೆ ಗಣನೀಯ. ವರ್ಷದ ಮೊದಲ ಸಭೆಯಲ್ಲಿ ಕೇಳಬೇಕಾದ್ದು ಇಷ್ಟೇ: ಪ್ರತಿ ಶೀರ್ಷಿಕೆಯಲ್ಲಿ ಎಷ್ಟು ಸಂಗ್ರಹವಾಯಿತು, ಹೋದ ವರ್ಷ ಎಷ್ಟು ಖರ್ಚಾಯಿತು, ಉಳಿಕೆ ಎಷ್ಟು?

ಸಂಘದ ಹಣ ನಿಮ್ಮ ಕೈಗೆ ಬಂದರೆ ಎಚ್ಚರ. ಕಾಲೇಜು ದಿನಾಚರಣೆಗೆ ಶಾಮಿಯಾನ, ಮೈಕು, ಹಾರ, ಊಟ ಎಂದು ಮುಂಗಡ ಕೊಡುತ್ತಾರೆ. ಬಿಲ್ಲಿಲ್ಲದ ಒಂದು ರೂಪಾಯಿಯೂ ಖರ್ಚಾಗಬಾರದು. ಹೂವಿನ ಅಂಗಡಿಯಲ್ಲಿ ಬಿಲ್ ಸಿಗುವುದಿಲ್ಲ ಅಂದರೆ ವೋಚರ್ ಬರೆದು ಅಂಗಡಿಯವರ ಸಹಿ ಹಾಕಿಸಿ. ಸಮಾರಂಭ ಮುಗಿದ ವಾರದೊಳಗೆ ಲೆಕ್ಕವನ್ನು ಸೂಚನಾ ಫಲಕದಲ್ಲಿ ಹಚ್ಚಿ.

ನನ್ನ ಅಭಿಪ್ರಾಯ ಕೇಳುವುದಾದರೆ, ಶಾಲು ಹಾರಕ್ಕೆ ಹೋಗುವ ಹಣದಲ್ಲಿ ಸ್ವಲ್ಪ ಉಳಿಸಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ತರಿಸುವುದು ಮೇಲು. ಜಗಳೂರು, ಹೊಸದುರ್ಗದ ಹಳ್ಳಿಗಳಿಂದ ಬೆಳಗಿನ ಮೊದಲ ಬಸ್ಸಿಗೆ ಬರುವವರಿಗೆ ಕಾಲೇಜು ಗ್ರಂಥಾಲಯ ಬಿಟ್ಟರೆ ಬೇರೆ ದಿಕ್ಕಿಲ್ಲ.

ಸಂಘಟನೆಗಳು, ಪ್ರತಿಭಟನೆ

ಎಬಿವಿಪಿ, ಎಐಡಿಎಸ್‌ಒ, ಎಸ್‌ಎಫ್‌ಐ, ಎನ್‌ಎಸ್‌ಯುಐ ಕಾಲೇಜಿನ ವಿದ್ಯಾರ್ಥಿ ಸಂಘದ ಭಾಗವಲ್ಲ, ಹೊರಗಿನ ಸಂಘಟನೆಗಳು. ಸೇರುವುದು, ಬಿಡುವುದು ನಿಮ್ಮ ಹಕ್ಕು. ಅತಿಥಿ ಉಪನ್ಯಾಸಕರಿಲ್ಲದೆ ಸೆಮಿಸ್ಟರ್ ಅರ್ಧ ಮುಗಿಯುವಂಥ ವಿಷಯಗಳಲ್ಲಿ ಕಾಲೇಜಿನೊಳಗಿನ ಪತ್ರದಿಂದ ಮಾತ್ರ ಕೆಲಸ ಆಗುವುದಿಲ್ಲ, ದಾವಣಗೆರೆಯ ಜಯದೇವ ವೃತ್ತದಲ್ಲೋ ಚಿತ್ರದುರ್ಗದ ಒನಕೆ ಓಬವ್ವ ವೃತ್ತದಲ್ಲೋ ನಿಲ್ಲಬೇಕಾಗುತ್ತದೆ. ಹಾಗೆ ನಿಂತಾಗ ಪೊಲೀಸರ ಅನುಮತಿ, ಮನವಿ ಪತ್ರದ ಪ್ರತಿ, ಹಿಂದೆ ಕೊಟ್ಟ ಅರ್ಜಿಗಳ ಇನ್‌ವರ್ಡ್ ನಂಬರ್ ಕೈಯಲ್ಲಿರಲಿ. ಸಿ.ಆರ್. ಆಗಿ ನೀವು ಇಡೀ ತರಗತಿಗೆ, ಬೇರೆ ಸಂಘಟನೆಯವರಿಗೂ ಯಾವ ಸಂಘಟನೆಗೂ ಸೇರದವರಿಗೂ ಪ್ರತಿನಿಧಿ. ಅದಕ್ಕೇ ಸಂಘದ ಲೆಟರ್‌ಹೆಡ್‌ನಲ್ಲಿ ಸಂಘಟನೆಯ ಕರೆ ಹೋಗಬಾರದು.

ಕೊಟ್ಟು ಹೋಗುವುದು

ಮೂರು ವರ್ಷದ ಪದವಿಯಲ್ಲಿ ಪದಾಧಿಕಾರಿಗಳು ಆರನೇ ಸೆಮಿಸ್ಟರ್‌ನವರೇ ಆಗಿರುವುದರಿಂದ, ಪರೀಕ್ಷೆ ಮುಗಿದ ಮರುದಿನ ಅವರು ಕಾಲೇಜಿನಲ್ಲಿ ಇರುವುದಿಲ್ಲ. ಅವರೊಂದಿಗೆ ಎಲ್ಲ ವಿಷಯವೂ ಹೋಗುತ್ತದೆ, ಜುಲೈಯಲ್ಲಿ ಹೊಸಬರು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಪ್ರವೇಶಪತ್ರ ಬರುವುದಕ್ಕೆ ಮುಂಚೆ ಕೊನೆಯ ಸಭೆ ಕರೆಯಿರಿ. ಎರಡನೇ, ನಾಲ್ಕನೇ ಸೆಮಿಸ್ಟರ್‌ನ ಸಿ.ಆರ್.ಗಳು ಬರಲೇಬೇಕು. ನಡಾವಳಿ ಪುಸ್ತಕ, ಅರ್ಜಿಗಳ ಪ್ರತಿ ಇರುವ ಫೈಲು, ಲೆಕ್ಕದ ಹಾಳೆ, ಯಾವ ಸಮಿತಿಯಲ್ಲಿ ಯಾವ ವಿದ್ಯಾರ್ಥಿ ಇದ್ದರು ಎಂಬ ಪಟ್ಟಿ, ಇನ್ನೂ ಉತ್ತರ ಬರದ ಪತ್ರಗಳ ಪಟ್ಟಿ, ಇಷ್ಟನ್ನು ಕೊಡಿ. ಯಾವ ಪತ್ರದ ಗಡುವು ಯಾವ ದಿನ ಮುಗಿಯುತ್ತದೆ ಎಂದು ಮೇಲೆ ಬರೆದಿರಲಿ. ಹೊಸಬರ ಆಯ್ಕೆ ಆಗುವವರೆಗೆ ಫೈಲು ಗ್ರಂಥಪಾಲಕರ ಬಳಿಯೋ ಸಂಚಾಲಕರ ಬಳಿಯೋ ಇರಲಿ, ಕೊಟ್ಟದ್ದಕ್ಕೆ ಅವರಿಂದ ಸಹಿ ಪಡೆದು ಅದರ ಫೋಟೊವನ್ನು ನಾಲ್ಕನೇ ಸೆಮಿಸ್ಟರ್‌ನ ಇಬ್ಬರು ಸಿ.ಆರ್.ಗಳಿಗೆ ಕಳಿಸಿ.